ಗೋಡೆಗೆ ನೇತುಹಾಕಿದ ನನ್ನ ಸಮಗ್ರ ಸಾಹಿತ್ಯ

ಬರೆಯುವ ಚಟ ಇರುವವರಿಗೆ ವರ್ಷದ ಕೊನೆಯ ವಾರದಷ್ಟು ಕೆಟ್ಟ ವಾರ ಇನ್ನೊಂದಿಲ್ಲ. ಕುಡಿಯುವ ಚಟದವರು ಆ ವಾರ ಸಂತೋಷವಾಗಿರುತ್ತಾರೆ, ಇಸ್ಪೀಟಾಡುವವರಿಗೆ ಎಲ್ಲ ವಾರವೂ ಒಂದೇ. ಬರೆಯುವವನೊಬ್ಬ ಮಾತ್ರ ಹೊಸ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ಹಳೆಯದರ ಮುಂದೆ ನಿಂತು, ವರ್ಷ ಹರಿದುಹೋಯಿತಲ್ಲ, ನಾನೇನು ಬರೆದೆ ಎಂದು ಬೆವರುತ್ತಾನೆ. ನಾನು ಹೇಳುತ್ತಿರುವುದು ಮೊಬೈಲು ಇನ್ನೂ ನಮ್ಮ ಕಡೆ ಕಾಲಿಡದಿದ್ದ ಕಾಲದ ಒಂದು ಡಿಸೆಂಬರಿನ ಮಾತು. ಆ ವರ್ಷದ ಮೊದಲ ದಿನ ಹೆಂಡತಿಯ ಎದುರು, "ಈ ವರ್ಷ ಕಾದಂಬರಿ ಮುಗಿಸೇ ಮುಗಿಸ್ತೀನಿ" ಎಂದು ಎದೆ ತಟ್ಟಿಕೊಂಡಿದ್ದೆ. ಆಗ ಅದರ ಮೊದಲ ವಾಕ್ಯ ಮುಗಿದಿತ್ತು. ಡಿಸೆಂಬರಿನಲ್ಲಿ ತೆಗೆದು ನೋಡಿದರೆ ಆ ವಾಕ್ಯವನ್ನೂ ನಾನೇ ಯಾವಾಗಲೋ ಹೊಡೆದುಹಾಕಿದ್ದೆ. ಸೂರ್ಯೋದಯದ ಬಗ್ಗೆ ಒಂದು ಕವನ ಅರ್ಧಕ್ಕೆ ನಿಂತಿತ್ತು. ನಾನು ಏಳುವಷ್ಟರಲ್ಲಿ ಹಾಲಿನವನು, ಪೇಪರಿನವನು, ಸೂರ್ಯ ಮೂವರೂ ಬಂದು ಹೋಗಿರುವುದರಿಂದ ಅದು ಮುಂದುವರಿಯುವ ಸೂಚನೆಯೂ ಇರಲಿಲ್ಲ.

ಹಾಗಂತ ನಾನು ವರ್ಷವಿಡೀ ಕೈಕಟ್ಟಿ ಕೂತಿದ್ದೆನೆಂದು ತಿಳಿಯಬೇಡಿ. ಬಿಡುವಿಲ್ಲದೆ ಬರೆದೆ. ಬರೆದದ್ದೆಲ್ಲ ಬಿನ್ನವತ್ತಳೆ. ನಾನು ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಎರಡು ಹರಟೆಗಳು ಒಂದು ವಾರಪತ್ರಿಕೆಯಲ್ಲಿ ಬಂದದ್ದೇ ತಡ, ಆಫೀಸಿನಲ್ಲಿ ನನ್ನ ಹೆಸರು ಹೋಗಿ 'ಸಾಹಿತಿಗಳು' ಎಂದಾಯಿತು. ಸಾಹಿತಿ ಎಂದ ಮೇಲೆ ಊರಿಗೆ ಉಪಯೋಗಕ್ಕೆ ಬರಬೇಕಲ್ಲ! ನಮ್ಮ ಕಡೆ ಯಾರೇ ನಿವೃತ್ತರಾಗಲಿ, ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಬಿನ್ನವತ್ತಳೆ ಇರಲೇಬೇಕು. ಅವರ ಗುಣಗಾನವನ್ನು ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿ, ಸುತ್ತ ಹೂಬಳ್ಳಿ ಬಿಡಿಸಿ, ಗಾಜಿನ ಫ್ರೇಮು ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ ಕೈಗೆ ಕೊಡುತ್ತಾರೆ. ಅದನ್ನು ಪಡೆದವರು ಅಲ್ಲಿ ಕಣ್ಣೊರೆಸಿಕೊಂಡು, ಮನೆಗೆ ಹೋಗಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಬರೆಸಲು ಬರುವವರು ಯಾವಾಗಲೂ ಸಮಾರಂಭದ ಹಿಂದಿನ ದಿನವೇ ಬರುವುದು. "ಇವತ್ತೇ ಪ್ರೆಸ್ಸಿಗೆ ಕೊಡ್ಬೇಕು ಸಾರ್. ನಿಮಗೇನು, ಹಿಂಗ್ ಕೂತ್ರೆ ಹಂಗ್ ಬರುತ್ತೆ" ಎನ್ನುತ್ತಾರೆ. "ಮನುಷ್ಯ ಹೆಂಗಪ್ಪಾ?" ಎಂದು ಕೇಳಿದರೆ ಅತ್ತಿತ್ತ ನೋಡಿ, "ಬಲು ಕೆಟ್ಟ ಆಸಾಮಿ ಸಾರ್. ನೀವು ಚೆನ್ನಾಗ್ ಬರೀರಿ" ಎನ್ನುತ್ತಾರೆ.

ಆ ವರ್ಷದ ಮೇ ತಿಂಗಳಲ್ಲಿ ನಿಟ್ಟೂರಿನ ನಂಜುಂಡಪ್ಪ ಮೇಷ್ಟ್ರು ನಿವೃತ್ತರಾದರು. ಅವರು ನನ್ನ ಹೆಂಡತಿ ಗಿರಿಜಳ ಸೋದರಮಾವ. ತಂದೆಯಿಲ್ಲದ ಅವಳನ್ನು ತಮ್ಮ ಮಗಳು ಶೈಲಳ ಜೊತೆಗೇ ಸಾಕಿ, ಓದಿಸಿ, ನನ್ನಂಥವನಿಗೆ ಧಾರೆ ಎರೆದು ಕೊಟ್ಟ ಪುಣ್ಯಾತ್ಮರು. ಅವರಿಗೆ ಮಾತ್ರ ನಾನು ನಿಜವಾಗಿಯೂ ಕೂತು ಬರೆದೆ. ಹೊಡೆದು, ತಿದ್ದಿ, ಮತ್ತೆ ಹೊಡೆದು, ಕೊನೆಯ ಸಾಲಿಗೆ ಬಂದಾಗ ನನಗೇ ಮೈ ಜುಮ್ಮೆಂದಿತು. 'ತಾವು ಇಷ್ಟು ವರ್ಷ ಕುಳಿತ ಕುರ್ಚಿಯೂ ಇಂದು ಎದ್ದು ನಿಂತು ತಮಗೆ ಕೈಮುಗಿಯುತ್ತಿದೆ!' ಕುರ್ಚಿಗೆ ಹೇಗೂ ಎರಡು ಕೈಗಳಿವೆ, ಮುಗಿದರೆ ತಪ್ಪೇನು? ಸಭೆಯಲ್ಲಿ ಆ ಸಾಲು ಓದಿದಾಗ ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಬಂತು. ಅಲ್ಲಿಗೆ ನಾನು ಕೆಟ್ಟೆ. ಇದಕ್ಕಿಂತ ಚೆನ್ನಾಗಿ ನನ್ನ ಕೈಲಿ ಆಗುವುದಿಲ್ಲ ಎಂಬುದು ಖಾತ್ರಿಯಾಗಿಹೋಯಿತು. ಆಗಸ್ಟಿನಲ್ಲಿ ಕುಣಿಗಲ್‌ನಿಂದ ಸರ್ವೆ ಇಲಾಖೆಯ ನೌಕರನೊಬ್ಬ ಬಂದು, ನಾಳೆ ನಿವೃತ್ತರಾಗುವ ತಮ್ಮ ಕಚೇರಿಯ ಚನ್ನಬಸಪ್ಪನವರಿಗೆ ಬೇಕೆಂದಾಗ, ನಾನು ನಿಟ್ಟೂರಿನದನ್ನೇ ತೆಗೆದೆ. ಮೇಷ್ಟ್ರ ಹೆಸರಿದ್ದಲ್ಲಿ ಚನ್ನಬಸಪ್ಪ, ಶಾಲೆ ಇದ್ದಲ್ಲಿ ಸರ್ವೆ ಎಂದು ತಿದ್ದಿ ಕೊಟ್ಟೆ. ಕುರ್ಚಿ ಎಲ್ಲ ಇಲಾಖೆಯಲ್ಲೂ ಇರುತ್ತದಲ್ಲ. ಆಮೇಲೆ ಬಂದವರಿಗೂ ಅದೇ. ಭಯವೇನೂ ಇರಲಿಲ್ಲ. ನಿಟ್ಟೂರು ಗುಬ್ಬಿ ದಾಟಿ ರೈಲುದಾರಿಯಲ್ಲಿದೆ, ಕುಣಿಗಲ್ ಇನ್ನೊಂದು ದಿಕ್ಕು. ಒಬ್ಬರ ಮನೆಯ ಗೋಡೆ ಇನ್ನೊಬ್ಬರ ಮನೆಗೆ ಬಸ್ಸು ಹತ್ತಿ ಹೋಗುವುದಿಲ್ಲ ಎಂಬ ಧೈರ್ಯ ನನ್ನದು.

ಡಿಸೆಂಬರಿನ ಆ ಕೊನೆಯ ವಾರ ನಾನು ಹಳೆಯ ಕ್ಯಾಲೆಂಡರ್ ಮುಂದೆ ನಿಂತು ಹೀಗೆ ವರ್ಷದ ಸಾಧನೆಯನ್ನು ಹುಡುಕುತ್ತಿದ್ದಾಗ, ಪಕ್ಕದ ಮನೆಗೆ ಫೋನು ಬಂತೆಂದು ಹೋಗಿದ್ದ ಗಿರಿಜ ಹಿಗ್ಗಿಕೊಂಡು ಬಂದಳು. "ರೀ, ನಿಟ್ಟೂರ್ ಮಾವ ಫೋನ್ ಮಾಡಿದ್ರು. ಶೈಲಂಗೆ ಗಂಡು ಬಂದಿದೆ ಕಣ್ರೀ! ಕುಣಿಗಲ್‌ನೋರು. ಹುಡುಗ ಬ್ಯಾಂಕಲ್ಲಿ ಇದಾನಂತೆ. ಹುಡುಗನ ತಂದೆ ಸರ್ವೇಲಿದ್ದು ಈ ವರ್ಷವೇ ರಿಟೈರ್ ಆದ್ರಂತೆ, ಚನ್ನಬಸಪ್ಪ ಅಂತ. ಭಾನುವಾರ ಹೆಣ್ಣು ನೋಡಕ್ ಬರ್ತಾರೆ, ನಾವೂ ಹೋಗ್ಬೇಕು." ಬಾಯಲ್ಲಿದ್ದ ಕಾಫಿ ಮೂಗಿಗೆ ಹತ್ತಿತು.

ನನ್ನ ಭಯ ನಿಮಗೆ ಅರ್ಥವಾಗಬೇಕಾದರೆ ಮಾವನ ಸ್ವಭಾವ ಗೊತ್ತಿರಬೇಕು. ಅವರು ಸರ್ವಿಸ್ಸಿನುದ್ದಕ್ಕೂ ಯಾವುದನ್ನು ಬೇಕಾದರೂ ಕ್ಷಮಿಸಿದವರು, ಕಾಪಿ ಹೊಡೆಯುವುದನ್ನು ಮಾತ್ರ ಕ್ಷಮಿಸಲಿಲ್ಲ. ಅವರು ಪರೀಕ್ಷಾ ಕೊಠಡಿಯ ಬಾಗಿಲಿಗೆ ಬಂದರೆ ಹುಡುಗರ ಅಂಗಿಯೊಳಗಿನ ಚೀಟಿಗಳು ತಾವಾಗಿಯೇ ಉದುರುತ್ತಿದ್ದವಂತೆ. ಇನ್ನೊಬ್ಬ ತಂಗಿಯ ಮಗನನ್ನೇ ಪರೀಕ್ಷೆಯ ನಡುವೆ ಎಬ್ಬಿಸಿ ಹೊರಗೆ ಕಳಿಸಿದ್ದಕ್ಕೆ ಆ ತಂಗಿಯ ಮನೆಗೆ ಹೋಗಿಬರುವುದೇ ಎಷ್ಟೋ ವರ್ಷ ನಿಂತಿತ್ತು. ತಂಗಿಯ ಮಗನಿಗೆ ಹೀಗಾದರೆ ಅಳಿಯನ ಗತಿ? ನನ್ನ ಮಾನದ ಮಾತಿರಲಿ, ಅದು ಸಾಹಿತಿಯ ಮಾನ, ಹೋದರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಬೀಗರ ಎದುರು ಮಾವನ ಮುಖಭಂಗವಾಗಿ ಶೈಲಳ ಸಂಬಂಧ ಮುರಿದರೆ? ಗಿರಿಜಳಿಗೆ ತವರು ಅಂತ ಇದ್ದದ್ದು ಆ ಮನೆಯೊಂದೇ. ನಾನು ತಡೆಯಲಾರದೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. "ಮಾವಂಗೆ ಅಂತ ಬರ್ದಿದ್ದನ್ನ ಊರಿಗೆಲ್ಲಾ ದೇವಸ್ಥಾನದ ಚರ್ಪು ಹಂಚಿದಂಗೆ ಹಂಚಿದ್ರಾ? ಭಾನುವಾರ ನೀವೇ ಮೊದ್ಲು ಹೋಗಿ ಅದನ್ನ ಗೋಡೆಯಿಂದ ಇಳ್ಸಿ. ಇಳ್ಸದಿದ್ರೆ ನಾನಂತೂ ಆ ಮನೆ ಮೆಟ್ಲು ಹತ್ತಲ್ಲ" ಎಂದಳು.

ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಟ್ಟೂರಿಗೆ ಹೊರಟೆ. ದಾರಿಯುದ್ದಕ್ಕೂ ನೆಪಗಳನ್ನು ಹೊಸೆದೆ. ಗುಬ್ಬಿ ಬರುವಷ್ಟರಲ್ಲಿ ಒಳ್ಳೆಯ ನೆಪವೊಂದು ಸಿಕ್ಕಿತು, ನಿಟ್ಟೂರಿನಲ್ಲಿ ಇಳಿಯುವಷ್ಟರಲ್ಲಿ ಅದು ಮರೆತುಹೋಯಿತು. ಮಾವ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತು ಫ್ರೇಮಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. "ಬನ್ನಿ ಅಳಿಯಂದ್ರೆ, ಒಳ್ಳೆ ಟೈಮಿಗ್ ಬಂದ್ರಿ. ಇದು ಒಳಗಡೆ ರೂಮಲ್ಲಿತ್ತು, ಯಾರ್ ಕಣ್ಣಿಗೂ ಬೀಳ್ತಿರ್ಲಿಲ್ಲ. ಬೀಗ್ರು ಕೂರೋ ಜಾಗದ ಎದುರಿಗೇ ಹಾಕ್ತಾ ಇದೀನಿ. ಸ್ವಲ್ಪ ಹಿಡ್ಕಳಿ" ಎಂದರು. ಇಳಿಸಲು ಬಂದ ನಾನೇ ಅದನ್ನು ಎತ್ತಿ ಹಿಡಿದುಕೊಂಡು ನಿಂತೆ. "ಮಾವ, ನಮ್ಮ ಹೊಗಳಿಕೇನ ನಾವೇ ತೋರಿಸ್ಕೊಂಡ್ರೆ ಬೀಗ್ರು ಜಂಬ ಅಂದ್ಕೊಳಲ್ವಾ? ಈ ಜಾಗಕ್ಕೆ ಒಂದು ದೇವರ ಪಟ..." ಎಂದು ತೊದಲಿದೆ. "ಜಂಬ ಏನ್ ಬಂತು? ನಾನೇ ಬರ್ಕೊಂಡಿದೀನಾ? ನೀವು ಬರ್ದಿರೋದು!" ಎಂದು ಮಾವ ಮೊಳೆಯನ್ನು ಇನ್ನೊಂದು ಸಲ ಗುದ್ದಿದರು.

ಹನ್ನೊಂದರ ಹೊತ್ತಿಗೆ ಗಿರಿಜ ಬಂದಳು. ಬಾಗಿಲಲ್ಲೇ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ಪಾಪ, ಶೈಲಳಿಗಾಗಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಅವಳ ಹಿಂದೆಯೇ ಕುಣಿಗಲ್‌ನವರೂ ಬಂದರು. ಚನ್ನಬಸಪ್ಪನವರನ್ನು ನಾನು ನೋಡಿದ್ದು ಅದೇ ಮೊದಲು. ಊರುಗಳ ಎಲ್ಲೆಯನ್ನೆಲ್ಲ ಅಳೆದ ಕಣ್ಣು, ಮನೆಯೊಳಗೆ ಕಾಲಿಟ್ಟ ಕೂಡಲೇ ಪಡಸಾಲೆಯ ಉದ್ದ ಅಗಲವನ್ನು ಅಳೆಯಿತು. ನಾನು ಓಡಿಹೋಗಿ ಫ್ರೇಮಿಗೆ ಬೆನ್ನು ಕೊಟ್ಟು ನಿಂತೆ. "ಕೂತ್ಕಳಿ ಅಳಿಯಂದ್ರೆ" ಎಂದರು ಮಾವ. "ಇಲ್ಲ ಮಾವ, ರೈಲಲ್ಲಿ ಕೂತು ಕೂತು ಸಾಕಾಗಿದೆ" ಎಂದೆ. ಕೇಸರಿಬಾತು ಬಂತು, ನಿಂತೇ ತಿಂದೆ. ಬಾಳೆಕಾಯಿ ಬಜ್ಜಿ ಬಂತು, ನಿಂತೇ ತಿಂದೆ. ಶೈಲ ಬಂದು ಕಾಫಿ ಕೊಟ್ಟಳು. ಹುಡುಗ ಅವಳನ್ನು ನೋಡಿ ಲೋಟವನ್ನು ಪಂಚೆಯ ಮೇಲೆ ಬಗ್ಗಿಸಿಕೊಂಡದ್ದರಲ್ಲೇ ಒಪ್ಪಿಗೆ ಎಲ್ಲರಿಗೂ ಗೊತ್ತಾಯಿತು. ಶೈಲಳ ಮುಖ ಕೆಂಪಾಯಿತು. ನನಗೆ ಅಳು ಬರುವಂತಾಯಿತು. ಈ ಹುಡುಗಿಯ ಸುಖ ಈಗ ನನ್ನ ಬೆನ್ನಿನ ಅಗಲದ ಮೇಲೆ ನಿಂತಿತ್ತು, ನನ್ನದೋ ಗುಮಾಸ್ತನ ಬೆನ್ನು.

"ಅಳಿಯಂದ್ರೆ, ಸ್ವಲ್ಪ ಈ ಕಡೆ ಬನ್ನಿ, ಬೀಗ್ರಿಗೆ ಅದು ಕಾಣ್ತಿಲ್ಲ" ಎಂದರು ಮಾವ. ಸರಿಯದೆ ವಿಧಿಯಿರಲಿಲ್ಲ. ಚನ್ನಬಸಪ್ಪನವರು ಎದ್ದು ಬಂದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದತೊಡಗಿದರು. 'ಸರಳತೆಯ ಸಾಕಾರಮೂರ್ತಿಗಳೇ' ಎಂದಾಗ ನಾನು ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದೆ. 'ಕೋಪವೆಂಬುದು ತಮ್ಮ ಬಳಿ ಸುಳಿಯಲೂ ಅಂಜುತ್ತಿತ್ತು' ಎಂದಾಗ ಇನ್ನೊಂದು ಹೆಜ್ಜೆ ಸರಿದೆ. ಕುರ್ಚಿಯ ಸಾಲು ಬಂದಿತು. ಅವರು ನಿಲ್ಲಿಸಿದರು. ಅದನ್ನು ಇನ್ನೊಮ್ಮೆ ಓದಿದರು. ನಾನು ಮನಸ್ಸಿನಲ್ಲೇ ಮುಂದಿನ ರೈಲಿನ ಲೆಕ್ಕ ಹಾಕಿದೆ.

"ಭೇಷ್!" ಎಂದರು ಅವರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. "ಕುರ್ಚಿ ಕೈಮುಗೀತದೆ ಅಂದ್ರೆ ಏನ್ ಕಲ್ಪನೆ ಸ್ವಾಮಿ! ಯಾರ್ ಬರ್ದಿದ್ದು?" ಮಾವ ನನ್ನನ್ನು ತೋರಿಸಿದರು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಂಗೂ ಒಂದ್ ಕೊಟ್ರು ಬುಡಿ. ಯಾವನೋ ತುಮಕೂರಿನೋನ ಕೈಲಿ ಬರ್ಸಿದ್ರಂತೆ. ಸಭೇಲಿ ಅದನ್ನ ಓದೋವಾಗ ನಂಗೆ ಪೆನ್ಶನ್ ಫೈಲಿನ ಯೋಚ್ನೆ, ಒಂದ್ ಮಾತೂ ಕಿವಿಗ್ ಬೀಳ್ಲಿಲ್ಲ. ಆಮೇಲೆ ನೋಡಕ್ಕೂ ಮನಸ್ಸಾಗ್ಲಿಲ್ಲ. ದುಡ್ಡಿಗ್ ಬರ್ದಿರೋದ್ರಲ್ಲಿ ಜೀವ ಎಲ್ಲಿರ್ತದೆ? ನಮ್ಮನೆಯೋಳು ಅದನ್ನ ಅಕ್ಕಿ ಡ್ರಮ್ಮಿನ ಮೇಲೆ ಮುಚ್ಚವ್ಳೆ."

ನಾನು ಬದುಕಿದೆ. ಅಲ್ಲೇ ಸುಮ್ಮನಿದ್ದರೆ ಪೂರ್ತಿ ಬದುಕುತ್ತಿದ್ದೆ. ಆದರೆ ಬರೆಯುವವನ ಹಣೆಬರಹವೇ ಬೇರೆ ನೋಡಿ, ಮಾನ ಉಳಿದ ಕೂಡಲೇ ಅವನಿಗೆ ಹೊಗಳಿಕೆ ಬೇಕೆನಿಸುತ್ತದೆ. ನಾನೆಲ್ಲಿ ದುಡ್ಡು ತೆಗೆದುಕೊಂಡಿದ್ದೆ? ಜೀವವಿಲ್ಲವಂತೆ! ನನ್ನ ಕುರ್ಚಿ ಅಕ್ಕಿ ಡ್ರಮ್ಮಿನ ಮೇಲೆ ಅಂಗಾತ ಮಲಗಿರುವುದು ಕಣ್ಣಿಗೆ ಕಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಗಿರಿಜ ತಲೆ ಅಲ್ಲಾಡಿಸುತ್ತಿದ್ದದ್ದು ಕಾಣಿಸಿತು, ಆದರೂ ನಾಲಗೆ ನನ್ನ ಮಾತು ಕೇಳಲಿಲ್ಲ. "ನೀವು ಅದನ್ನೂ ಒಂದ್ಸಲ ಪೂರ್ತಿ ಓದಿ ನೋಡ್ಬೇಕು ಸಾರ್. ಯಾರಿಗ್ ಗೊತ್ತು, ಅದೂ ಚೆನ್ನಾಗೇ ಇರ್ಬಹುದು" ಎಂದುಬಿಟ್ಟೆ. "ನೀವ್ ಹೇಳ್ದ್ಮೇಲೆ ಓದ್ತೀನಿ ಬುಡಿ" ಎಂದರು ಚನ್ನಬಸಪ್ಪ. ಸಂಕ್ರಾಂತಿ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಗೊತ್ತಾಯಿತು.

ಅಲ್ಲಿಂದ ನಿಶ್ಚಿತಾರ್ಥದವರೆಗೆ ನಾನು ನಿದ್ದೆ ಮಾಡಲಿಲ್ಲ, ಗಿರಿಜ ಮಾತಾಡಲಿಲ್ಲ. ಹೊಸ ವರ್ಷಕ್ಕೆ ಯಾವ ಸಂಕಲ್ಪವನ್ನೂ ಮಾಡಲಿಲ್ಲ. ಪಕ್ಕದ ಮನೆಯ ಫೋನು ಹೊಡೆದುಕೊಂಡಾಗಲೆಲ್ಲ ಸಂಬಂಧ ಮುರಿಯಿತೆಂದೇ ತಿಳಿದು ಹೋಗಿ ಬಚ್ಚಲಲ್ಲಿ ಕೂರುತ್ತಿದ್ದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ ಎಂದು ಗಿರಿಜಳ ಮುಂದೆ ತಟ್ಟೆ ಹಿಡಿದರೆ, "ನಂಗೂ ಅವ್ರಿಗಿವ್ರಿಗ್ ಹೇಳಿದ್ ಮಾತನ್ನೇ ಹೇಳ್ತೀರಾ?" ಎಂದಳು. ಆ ಹಬ್ಬದಲ್ಲಿ ಅವಳಾಡಿದ ಮಾತು ಅಷ್ಟೇ.

ನಿಶ್ಚಿತಾರ್ಥದ ದಿನ ಚನ್ನಬಸಪ್ಪನವರು ಹಣ್ಣು, ಹೂವು, ಸೀರೆಯ ತಟ್ಟೆಗಳ ಜೊತೆಗೆ ಪೇಪರಿನಲ್ಲಿ ಸುತ್ತಿದ ಚೌಕನೆಯ ಒಂದು ವಸ್ತುವನ್ನೂ ಹೊತ್ತು ತಂದರು. ನೋಡುತ್ತಲೇ ನನಗೆ ಗೊತ್ತಾಯಿತು. ಲಗ್ನಪತ್ರಿಕೆ ಓದಿ ಮುಗಿಸಿ, ತಾಂಬೂಲ ಬದಲಾಯಿಸಿದ ಮೇಲೆ ಅವರು ಮಾವನನ್ನೂ ನನ್ನನ್ನೂ ಗೋಡೆಯ ಹತ್ತಿರ ಕರೆದರು. ಪೇಪರ್ ಬಿಚ್ಚಿ, ತಮ್ಮ ಫ್ರೇಮನ್ನು ಮಾವನ ಫ್ರೇಮಿನ ಪಕ್ಕದಲ್ಲಿ ಎತ್ತಿ ಹಿಡಿದರು. ಗಾಜಿನ ಮೂಲೆಯಲ್ಲಿ ಅಕ್ಕಿಯ ಧೂಳು ಇನ್ನೂ ಇತ್ತು. ಮಾವ ಒಂದೊಂದೇ ಸಾಲನ್ನು, ಎರಡು ಉತ್ತರಪತ್ರಿಕೆಗಳನ್ನು ನೋಡುವಂತೆ, ಅತ್ತ ಒಮ್ಮೆ ಇತ್ತ ಒಮ್ಮೆ ನೋಡುತ್ತಾ ಹೋದರು. ಅವರ ಕಿವಿ ಕೆಂಪಾಗತೊಡಗಿತು. ಅದು ಕೆಂಪಾದರೆ ಏನಾಗುತ್ತದೆ ಎಂಬುದು ನಿಟ್ಟೂರಿನ ಮೂರು ತಲೆಮಾರಿಗೆ ಗೊತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ನೋಡುದ್ರಾ ಬೀಗ್ರೆ?" ಎಂದರು ಚನ್ನಬಸಪ್ಪ. "ನಿಮ್ದು ಮೇ ತಿಂಗ್ಳು, ನಂದು ಆಗಸ್ಟು. ಯಾವನೋ ಬೇವರ್ಸಿ ನಿಮ್ಮ ಅಳಿಯಂದ್ರು ಬರ್ದಿದ್ದನ್ನ ಒಂದಕ್ಷರ ಬಿಡ್ದಂಗೆ ಕಾಪಿ ಹೊಡ್ದವ್ನೆ! ಇವ್ರು ಹೇಳ್ದೆ ಇದ್ದಿದ್ರೆ ನಾನು ಓದ್ತಾನೇ ಇರ್ಲಿಲ್ಲ. ಇವ್ರಿಗೆ ಮೊದ್ಲೇ ಅನುಮಾನ ಬಂದಿತ್ತು, ದೊಡ್ಡೋರು, ಬಾಯ್ಬಿಟ್ಟು ಹೇಳ್ಲಿಲ್ಲ."

ಕಣ್ಣು ಬಿಟ್ಟೆ. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. "ಅಳಿಯಂದ್ರೆ, ನಿಮ್ಗೆ ಇಂಥಾ ಮೋಸ ಆಗಿದ್ರೂ ಒಂದ್ ಮಾತಾಡ್ಲಿಲ್ವಲ್ಲ ನೀವು! ಯಾರು ಅವ್ನು?" "ಬರ್ಸಿದ ಹುಡುಗ ಪಾವಗಡಕ್ಕೆ ಟ್ರಾನ್ಸ್‌ಫರ್ ಆಗವ್ನೆ, ಅವ್ನಿಗೊಬ್ನಿಗೇ ಗೊತ್ತು" ಎಂದರು ಚನ್ನಬಸಪ್ಪ. ವರ್ಗಾವಣೆ ಮಾಡುವ ಅಧಿಕಾರಿಗಳಿಗೆ ಜೀವನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. "ಹೋಗ್ಲಿ ಬಿಡಿ ಮಾವ, ಅವನಿಗೂ ಏನು ಕಷ್ಟವೋ, ಟೈಮ್ ಇರ್ಲಿಲ್ವೇನೋ" ಎಂದೆ. "ಬಿಡೋದಾ? ಇದೇ ನಿಮ್ಮ ತಪ್ಪು. ಕಳ್ಳನ ಮೇಲೆ ಕರುಣೆ ತೋರಿಸ್ಬಾರ್ದು. ಕೃತಿಚೌರ್ಯದ ಮೇಲೆ ಖಾರವಾಗಿ ಒಂದು ಲೇಖನ ಬರೀರಿ. ಪೇಪರಲ್ಲಿ ಬರ್ಲಿ, ಅವನು ಓದಿ ಸಾಯ್ಲಿ" ಎಂದರು ಮಾವ. ಹಿಂದೆ ನಿಂತಿದ್ದ ಗಿರಿಜ ಸಂಕ್ರಾಂತಿಯ ನಂತರ ಮೊದಲ ಬಾರಿಗೆ ಬಾಯಿಬಿಟ್ಟಳು. "ಬರೀತಾರೆ ಮಾವ. ನಾನು ಬರೆಸ್ತೀನಿ."

ಬರೆಸಿದಳು. ಕಾಫಿ ಮುಂದಿಟ್ಟು, ಎದುರಿಗೇ ಕುರ್ಚಿ ಹಾಕಿಕೊಂಡು ಕೂತು ಬರೆಸಿದಳು. ನಾನು ಆ ಕಳ್ಳನ ಸೋಮಾರಿತನವನ್ನು, ಅವನ ಹುಸಿ ಧೈರ್ಯವನ್ನು, ಸಿಕ್ಕಿಬೀಳುವ ಹೊತ್ತಿನಲ್ಲೂ ಬಿಡದ ಅವನ ಹೊಗಳಿಕೆಯ ಹಸಿವನ್ನು ಒಂದೊಂದಾಗಿ ಜಾಲಾಡಿದೆ. ಪೆನ್ನು ಎಲ್ಲೂ ನಿಲ್ಲಲಿಲ್ಲ. ಒಂದು ಪದವನ್ನೂ ಹೊಡೆದುಹಾಕಬೇಕಾಗಲಿಲ್ಲ. ಪತ್ರಿಕೆಯವರು ಮರು ವಾರವೇ ಹಾಕಿದರು. ಸಂಪಾದಕರು ಒಂದು ಕಾರ್ಡನ್ನೂ ಬರೆದಿದ್ದರು. ಇಷ್ಟು ದಿನ ನೀವು ಕಳಿಸಿದ್ದರಲ್ಲೆಲ್ಲ ಇದೊಂದರಲ್ಲಿ ಸ್ವಂತ ಅನುಭವ ಎದ್ದು ಕಾಣುತ್ತದೆ, ಇನ್ನು ಮುಂದೆಯೂ ಹೀಗೇ ಬರೆಯಿರಿ ಎಂದು.