ಮೊಳೆಗೆ ನೇತುಹಾಕಿದ ಬೀಗದ ಕೈ

ನಮ್ಮ ಸೋದರಮಾವನ ಅಂಗಡಿಗೆ ಕಳ್ಳ ನುಗ್ಗಿದ್ದರೆ, ಪಾಪ, ಅವನಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ! ಚನ್ನರಾಯಪಟ್ಟಣದಲ್ಲಿ ಮಾವನದು ಫೋಟೊ ಸ್ಟುಡಿಯೋ. ಬೀಗದ ಕೈ ಷಟರ್ ಪಕ್ಕದ ಮೊಳೆಯಲ್ಲೇ ನೇತಾಡುತ್ತಿರುತ್ತದೆ. ಕಂಪ್ಯೂಟರಿನ ಪಾಸ್‌ವರ್ಡು ಒಳಗೆ ‘ಕಣ್ಣು ಮಿಟುಕಿಸಬೇಡಿ’ ಎಂಬ ಬೋರ್ಡಿನ ಕೆಳಗೆ, ಗೋಡೆಯ ಮೇಲೆ, ಕೆಂಪು ಪೇಂಟಿನಲ್ಲಿ! ನಾನೋ ಹಾಸನದಲ್ಲಿ ಅಂಗಡಿ ಅಂಗಡಿಗೂ ಸಿಸಿ ಕ್ಯಾಮೆರಾ ಹಾಕಿ, ಕಂಪ್ಯೂಟರುಗಳಿಗೆ ಭದ್ರತೆ ಮಾಡಿಕೊಟ್ಟು ಹೊಟ್ಟೆ ಹೊರೆಯುವವಳು. ನನ್ನ ಸ್ವಂತ ಮಾವ ಹೀಗಿದ್ದರೆ ನನ್ನ ಮರ್ಯಾದೆ ಏನಾಗಬೇಕು?

ಹೋದ ವರ್ಷ ಅವನಿಗೆ ಪುಕ್ಕಟೆಯಾಗಿ ಒಂದು ಕ್ಯಾಮೆರಾ ಹಾಕಿಕೊಟ್ಟಿದ್ದೆ. ಆಯುಧಪೂಜೆಯ ಮಾರನೇ ದಿನ ನನ್ನ ಫೋನಿನಲ್ಲಿ ಅವನ ಅಂಗಡಿಯೇ ಮಾಯ, ಬರೀ ಮಬ್ಬು. ಗಾಬರಿಯಿಂದ ಬಸ್ಸು ಹತ್ತಿ ಬಂದು ನೋಡುತ್ತೇನೆ, ಲೆನ್ಸಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕಾಸಗಲ ಕುಂಕುಮ!

“ಮಾವ, ಅದರ ಕಣ್ಣಿಗೇ ಬಳಿದಿದ್ದೀಯಲ್ಲೋ!”

“ಅದ್ಯಾವ ಕಡೆ ಹಣೆ, ಯಾವ ಕಡೆ ಕಣ್ಣು ಅಂತ ನೀನೇಳಿದ್ಯಾ? ನಂಗೇನ್ ಗೊತ್ತು?” ಎಂದ.

ಆಮೇಲೆ ಪೆನ್‌ಡ್ರೈವ್ ಕಥೆ. ಬಂದ ಗಿರಾಕಿಗಳೆಲ್ಲ ತಮ್ಮ ಪೆನ್‌ಡ್ರೈವನ್ನು ತಾವೇ ಕಂಪ್ಯೂಟರಿಗೆ ಚುಚ್ಚುತ್ತಿದ್ದರು. ನಾನು ಒಂದನ್ನು ತಪಾಸಣೆ ಮಾಡಿದರೆ ಅಯ್ಯಯ್ಯೋ, ಒಳಗೆ ವೈರಸ್ಸುಗಳ ಸಂತೆ! ಇಪ್ಪತ್ತು ವರ್ಷದ ಫೋಟೊಗಳು ಒಂದೇ ಏಟಿಗೆ ಹೋಗುತ್ತವೆ ಎಂದು ಕೂಗಾಡಿದೆ.

“ನೆಗಡಿ ಬಂದೋರೂ ಅಂಗ್ಡಿಗ್ ಬತ್ತಾರೆ. ಓಡ್ಸಕ್ಕಾದದಾ?” ಎಂದ. ಕಳ್ಳರ ಮಾತೆತ್ತಿದರೆ, “ಇಲ್ಲಿರೋದೆಲ್ಲ ಊರೋರ ಮಕ ಕಣಮ್ಮಿ. ಕಂಡೋರ ಮಕ ತಕ್ಕಂಡು ಕಳ್ಳ ಏನ್ ಮಾಡ್ತಾನೆ?” ಎಂದು ನನ್ನನ್ನೇ ಕೇಳಿದ.

ಇಂಥವನ ಹತ್ತಿರ ವಾದ ಮಾಡುವುದುಂಟೇ? ಗಟ್ಟಿ ಬೀಗ ಹಾಕಿಸಿ, ಬೀಗದ ಕೈಯನ್ನು ಅವನ ಜೇಬಿಗೆ ತುರುಕಿದೆ. ಗೋಡೆಗೆ ಸುಣ್ಣ ಬಳಿದೆ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿದ ಹದಿನಾಲ್ಕಕ್ಷರ ಉದ್ದದ ಪಾಸ್‌ವರ್ಡ್ ಇಟ್ಟು, “ಎಲ್ಲೂ ಬರೆಯಕೂಡದು” ಎಂದು ಆಣೆ ಹಾಕಿಸಿಕೊಂಡೆ. ಮಾವ ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ.

ಎಂಟು ದಿನವೂ ಆಗಿರಲಿಲ್ಲ. ಎದುರಿನ ಟೀ ಅಂಗಡಿಯಾಕೆಯ ಫೋನು. “ಅವ್ವಾ, ಹೂವಿನಜ್ಜ ಓಗ್ಬುಟ್ರು. ಮಗಳು ಬಂದು ಪೋಟ ಕೇಳ್ತಾ ನಿಂತವ್ಳೆ. ಮೊಳೇಲಿ ಕೈ ಇಲ್ವಲ್ಲವ್ವಾ!”

ಊರಿನಲ್ಲಿ ಯಾರು ತೀರಿಕೊಂಡರೂ ಫೋಟೊಗೆ ಹಾರ ಕಟ್ಟಿಕೊಡುತ್ತಿದ್ದವನು ಆ ಹೂವಿನಜ್ಜ. ಬೀಗದ ಕೈ ನುಗ್ಗೇಹಳ್ಳಿಯ ಮದುವೆಮನೆಯಲ್ಲಿ, ಮಾವನ ಜೇಬಿನಲ್ಲಿ! ಅವನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿ ನಾನು ನನ್ನ ಕೆಲಸಕ್ಕೆ ಮರಳಿದೆ. ಮಾವ ಕೆಲಸ ಬಿಟ್ಟು ಓಡಿಬಂದು ಅಂಗಡಿ ತೆರೆದರೆ ಪಾಸ್‌ವರ್ಡ್ ನೆನಪಿಲ್ಲ. ನನಗೆ ಒಂಬತ್ತು ಸಲ ಫೋನು ಮಾಡಿದ್ದಾನೆ. ನಾನು ಯಾರದೋ ಅಂಗಡಿಯಲ್ಲಿ ಏಣಿಯ ಮೇಲೆ, ಫೋನು ಬ್ಯಾಗಿನಲ್ಲಿ. ಕೊನೆಗೆ ನಾನು ಇಳಿದು ಪಾಸ್‌ವರ್ಡ್ ಹೇಳಿ ಫೋಟೊ ಪ್ರಿಂಟಾಗುವ ಹೊತ್ತಿಗೆ ಅಜ್ಜನನ್ನು ಎತ್ತಿಕೊಂಡು ಹೋಗಿ ಆಗಿತ್ತು.

ಸಂಜೆ ನಾನು ಹೋದಾಗ ಮಾವ ಆ ಫೋಟೊ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ಮಪ್ಪ ಓದ ದಿನ ನಾನು ಶ್ರವಣಬೆಳಗೊಳದಲ್ಲಿ ಮದ್ವೆ ಪೋಟ ತೆಗೀತಿದ್ದೆ ಕಣಮ್ಮಿ. ವಾಲಗದ ಸದ್ದಲ್ಲಿ ಪೋನು ಕೇಳ್ಲಿಲ್ಲ. ನಿಮ್ ದೊಡ್ಡಪ್ಪ ಇದೇ ಬಾಗ್ಲಿಂದ ವಾಪಸ್ ಓದ್ರು. ಭಾವ ನಕ್ಕಂಡಿರೋ ಪೋಟ ಅತ್ತಾರು ಇದ್ವು ಒಳ್ಗೆ. ಕೈ ನನ್ ಜೇಬಲ್ಲಿತ್ತು. ನಾನಿಲ್ದಿದ್ರೂ ಯಾರಾದ್ರೂ ತಗ್ದು ಪೋಟ ತಕ್ಕಳ್ಳಿ ಅಂತ ಅವತ್ತಿಂದ ಮೊಳೇಲಿ ಆಕ್ತಿದ್ದೆ.”

ಮೈಸೂರಿನ ಹಾಸ್ಟೆಲಿನಿಂದ ಓಡಿಬಂದ ನಾನು ಅಂದು ಕಂಡದ್ದು, ಬೇರೆ ಯಾವುದೋ ಅಂಗಡಿಯಲ್ಲಿ ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಅಪ್ಪನ ಮುಖ. ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ತಿಳಿಯದ ಆ ಫೋಟೊಗೆ ಹಾರ ಹಾಕಿ ಅತ್ತಿದ್ದೆ. ಮಾವನಿಗೆ ಚೆಂದದ ಒಂದು ಫೋಟೊ ಸಿಗಲಿಲ್ಲವೇ ಎಂದು ಎಷ್ಟೋ ದಿನ ಮನಸ್ಸಿನಲ್ಲೇ ಸಿಟ್ಟಾಗಿದ್ದೆ ಕೂಡ.

ಮರುದಿನ ಫೋಟೊಗಳನ್ನೆಲ್ಲ ಒಂದು ಡಿಸ್ಕಿಗೆ ಇಳಿಸಿ ಹಾಸನದ ನನ್ನ ಮನೆಯಲ್ಲಿಟ್ಟೆ. ಪೆನ್‌ಡ್ರೈವುಗಳಿಗೆಂದೇ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟೆ. ಬೀಗದ ಕೈಯನ್ನು ನಾನೇ ಮೊಳೆಗೆ ನೇತುಹಾಕಿದೆ. ಆಮೇಲೆ ಕೆಂಪು ಪೇಂಟು ತರಿಸಿ, ‘ಕಣ್ಣು ಮಿಟುಕಿಸಬೇಡಿ’ ಬೋರ್ಡಿನ ಕೆಳಗೆ ಪಾಸ್‌ವರ್ಡ್ ಬರೆದೆ, ಅಳುತ್ತಾ ಬಂದವರ ಕಣ್ಣಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ.