ಗಂಡಸರ ಪಕ್ಷದಲ್ಲಿ ನನ್ನ ಗೀ

ನನಗೆ ಹಾಡಲು ಬರುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ನನ್ನನ್ನು ಹತ್ತಿರ ಕರೆದು, "ನೀನು ಬಾಯಿ ಆಡಿಸು ಸಾಕು, ಧ್ವನಿ ಬೇಡ" ಎಂದಿದ್ದರು. ಆ ಅಪ್ಪಣೆಯನ್ನು ಮದುವೆಯಾದ ಮೇಲೂ ಪಾಲಿಸಿದವನು ನಾನು. ಅಂಥವನು ಎಂಬತ್ತರ ದಶಕದಲ್ಲಿ ಕಲಘಟಗಿ ತಾಲ್ಲೂಕಿನ ಮೂರು ನಾಲ್ಕು ಊರುಗಳಲ್ಲಿ ಗೀಗೀ ಪದದ ಕಲಾವಿದನೆನಿಸಿಕೊಂಡಿದ್ದನೆಂದರೆ ನೀವು ನಂಬಲಾರಿರಿ.

ಆಗ ನಾನು ದುಮ್ಮವಾಡದಲ್ಲಿ ದನಗಳಿಗೆ ಔಷಧ ಕೊಡುವ ಸರ್ಕಾರಿ ಕಾಂಪೌಂಡರ್. ಹುಟ್ಟೂರು ತುಮಕೂರಿನ ಕಡೆ. ಜನ ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ. ಮನೆಯಲ್ಲಿ ಒಬ್ಬನೇ. ಹೆಂಡತಿ ಸರೋಜ ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಕೇಳಿದವರಿಗೆಲ್ಲ "ಅತ್ತೆಗೆ ಹುಷಾರಿಲ್ಲ" ಎನ್ನುತ್ತಿದ್ದೆ. ಹಳ್ಳಿಯವರು ಕರುಣಾಳುಗಳು. "ಇನ್ನಾ ಗುಣಾ ಆಗಿಲ್ಲೇನ್ರಿ, ಪಾಪ?" ಎಂದು ಪ್ರತಿ ಸಂತೆಯ ದಿನವೂ ವಿಚಾರಿಸುತ್ತಿದ್ದರು. ನಿಜದಲ್ಲಿ ಅತ್ತೆ ಗುಂಡುಕಲ್ಲಿನಂತಿದ್ದರು. ಸರೋಜ ಹೋಗುವಾಗ ಹೇಳಿದ್ದು ಇಷ್ಟೇ: "ನಾನು ಹತ್ತು ಮಾತಾಡಿದರೆ ನೀವು ಒಂದು ಹೂಂ ಅಂತೀರಿ. ಒಬ್ಬಳೇ ಇದ್ದರೆ ಅದನ್ನೂ ಕಾಯಬೇಕಾಗಿಲ್ಲ." ಅದಕ್ಕೂ ನಾನು ಹೂಂ ಎಂದಿದ್ದೆ.

ಹಗಲು ಎಮ್ಮೆಗಳ ಜೊತೆ ಹೇಗೋ ಕಳೆಯುತ್ತಿತ್ತು. ಸಂಜೆಯದೇ ತೊಂದರೆ. ಅನ್ನಕ್ಕಿಟ್ಟು ರೇಡಿಯೊದಲ್ಲಿ ಪೇಟೆ ಧಾರಣೆ ಕೇಳುತ್ತಿದ್ದೆ. ಮಾರಲು ನನ್ನ ಬಳಿ ಒಂದು ಹಿಡಿ ಹತ್ತಿಯೂ ಇರಲಿಲ್ಲ, ಆದರೆ ಅದು ಮನುಷ್ಯರ ಧ್ವನಿ. ಪಕ್ಕದ ಕಟ್ಟೆಯಲ್ಲಿ ನಿಂಗಪ್ಪನೆಂಬ ರೈತನ ಗೀಗೀ ಮೇಳದ ತಾಲೀಮು ನಡೆಯುತ್ತಿತ್ತು. ಅವನು ದಪ್ಪು ಬಡಿಯುತ್ತ ಮುಂದೆ ನಿಂತು ಹಾಡುವುದು; ಹಿಂದೆ ಒಬ್ಬ ತುಂತುಣಿ ಮೀಟುತ್ತ, ಇನ್ನೊಬ್ಬ ತಾಳ ಹಾಕುತ್ತ, ಸಾಲು ಮುಗಿದಾಗಲೆಲ್ಲ "ಗೀಯ ಗೀಯ" ಎಂದು ಎಳೆಯುವುದು. ತಾಳದವನು ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಮಾರನೆಯ ಸಂಜೆ ನಿಂಗಪ್ಪ ನನ್ನ ಬಾಗಿಲಲ್ಲಿ ನಿಂತಿದ್ದ.

"ಡಾಕ್ಟರ್ರ, ಖಾಲಿ ಅದೀರೇನ್ರಿ?"

"ಹೂಂ."

"ಹಂಗಾರ ಬರ್ರಿ, ಗೀ ಅನ್ರಿ."

"ನನಗೆ ಹಾಡೋಕೆ ಬರೋದಿಲ್ಲ, ನಿಂಗಪ್ಪನವರೇ."

"ಹಾಡ್ರಿ ಅಂತ ಯಾರ ಅಂದ್ರು? ಹಾಡಾಂವ ನಾನು. ಈಗ ಹೂಂ ಅಂದ್ರೆಲ್ಲಾ, ಅದನ್ನ ಬಾಯಿ ತಗದು ಅನ್ರಿ. ಗೀ ಆಗತೈತಿ."

ಹೀಗೆ ನನ್ನ ಸಂಗೀತಾಭ್ಯಾಸ ಮೊದಲಾಯಿತು. ಈ ಪದ ಹುಟ್ಟಿದ್ದೆಲ್ಲಿ ಎಂದು ಒಮ್ಮೆ ನಿಂಗಪ್ಪನನ್ನು ಕೇಳಿದೆ. "ಮರಾಠಿ ಲಾವಣಿ ನೋಡಿ ಕಟ್ಯಾರ ಅಂತಾರ ಕೆಲವರು. ವಿಜಾಪುರ ಕಡಿಂದ ಬಂತು ಅಂತಾರ. ನಮ್ಮ ಗುರು ಅಂತಿದ್ದ, ಶಿವಗೂ ಪಾರ್ವತಿಗೂ ನಾ ಹೆಚ್ಚ ನೀ ಹೆಚ್ಚ ಅಂತ ಜಗಳ ಬಿತ್ತಲ್ಲ, ಆವತ್ತ ಹುಟ್ಟೇತಿ ಅಂತ. ಜಗಳ ಇನ್ನಾ ಮುಗದಿಲ್ರಿ, ಅದಕ್ಕ ಹಾಡೂ ಮುಗದಿಲ್ಲ" ಎಂದ. ಈ ಹಾಡಿನ ಗುಣವೇ ಅದು. ಹರದೇಶಿಯವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ನಿಂತ ನಿಲುವಿನಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ದಾಕ್ಷಿಣ್ಯವೆಂಬುದಿಲ್ಲ. ನಮ್ಮದು ಹರದೇಶಿ ಮೇಳ. ಹೆಂಡತಿ ಬಿಟ್ಟುಹೋದ ನಾನು ದಿನಾ ಸಂಜೆ ಗಂಡೇ ಹೆಚ್ಚು ಎಂಬ ಮಾತಿಗೆ ಗೀ ಎನ್ನತೊಡಗಿದೆ. ನಗುವವರು ನಗಲಿ, ಸಾಲಿನ ಕೊನೆಯಲ್ಲಿ ಒಬ್ಬ ಮನುಷ್ಯ ನನ್ನ ಧ್ವನಿಗಾಗಿ ಕಾಯುತ್ತಿದ್ದ. ಅನ್ನ ಸೀದರೂ ನಾನು ತಾಲೀಮು ತಪ್ಪಿಸುತ್ತಿರಲಿಲ್ಲ.

ಆ ವರ್ಷ ದೇವಿಕೊಪ್ಪದಲ್ಲಿ ಹೊಸದಾಗಿ ಹಾಲಿನ ಡೈರಿ ಶುರುವಾಯಿತು. ಮಧ್ಯಾಹ್ನ ಭಾಷಣಗಳು ಮುಗಿದ ಮೇಲೆ ಗೀಗೀ ಪದ. ನಮ್ಮೆದುರು ಕುಂದಗೋಳ ಕಡೆಯ ಫಕೀರವ್ವನ ಮೇಳ. ಐವತ್ತು ದಾಟಿದ, ಹಣೆತುಂಬ ಕುಂಕುಮದ ಹೆಂಗಸು. ನಿಂಗಪ್ಪ ಗಂಡಸೇ ಮನೆಯ ಕಂಬ, ಗಂಡಸೇ ಮನೆಯ ತೊಲೆ ಎಂದು ಹಾಡಿದ. ನಾನು ಕಣ್ಣು ಮುಚ್ಚಿ ಗೀ ಎಂದೆ. ಬಹುಶಃ ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಫಕೀರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗುಂಡಿ ಕಿತ್ತ ಅಂಗಿ, ನಾನೇ ಒಗೆದ ಪಂಚೆ. ದಪ್ಪಿಗೆ ಎರಡು ಪೆಟ್ಟು ಹಾಕಿ ಪದ ಎತ್ತಿಕೊಂಡಳು:

"ಗಂಡಸು ಹೆಚ್ಚಂತ ಹಾಡವರ ಹಿಂದ ನಿಂತಾನೊಬ್ಬ ಗಂಡಸ,
ಅವನ ಮನಿಯಾಗ ದೀಪಾ ಹಚ್ಚಾಕಿ ಎಲ್ಲಿ ಹೋದಳೋ ತಿಳಸ!"

ಜನ ಹೋ ಎಂದು ನಕ್ಕರು. ನನ್ನ ಕೈಯ ತಾಳ ನಿಂತಿತು. ನಿಂಗಪ್ಪ ಹಿಂದೆ ತಿರುಗಿ ನನ್ನ ಮುಖ ನೋಡಿದ. ಅವನು ಯಾವತ್ತೂ ಸೋತವನಲ್ಲ. ಜವಾಬಿಲ್ಲದೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅಂಥವನು ದಪ್ಪನ್ನು ನಿಧಾನವಾಗಿ ಕೆಳಗಿಳಿಸಿ, "ಸೋತೆ ಬೇ ಯವ್ವಾ" ಎಂದ. ತೆಂಗಿನಕಾಯಿ, ಶಾಲು ಫಕೀರವ್ವನ ಪಾಲಾದವು.

ವಾಪಸು ಬರುವಾಗ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ನಾನು ಅವನ ಪಕ್ಕದಲ್ಲಿ ಕೂತಿದ್ದೆ.

"ನಿಮಗೆ ಜವಾಬು ಹೊಳೆಯಲಿಲ್ಲವಾ?" ಎಂದೆ.

"ಹೊಳದಿತ್ತರಿ. ಹಾಡಿದ್ರ ನಿಮ್ಮ ಮನಿ ಬಾಗಲಾ ಊರ ಮುಂದ ತಗದಂಗ ಆಗತಿತ್ತು." ದಪ್ಪನ್ನು ಮಡಿಲಿಗೆಳೆದುಕೊಂಡು ಕೇಳಿದ, "ನಿಮ್ಮ ಅತ್ತಿಯವರು ಆರಾಮ ಅದಾರ, ಹೌದಲ್ಲರಿ?"

"ಆರಾಮಾಗಿದ್ದಾರೆ" ಎಂದೆ. ಎರಡು ವರ್ಷದಲ್ಲಿ ಆ ವಿಷಯವಾಗಿ ನಾನಾಡಿದ ಮೊದಲ ನಿಜ.

ಮರುದಿನ ಸರೋಜಳಿಗೆ ಕಾಗದ ಬರೆದೆ. ಬರೆದು ಬರೆದು ಅಂಚಿನಲ್ಲೂ ಜಾಗ ಉಳಿಯಲಿಲ್ಲ. ಬಾ ಎಂದೂ ಬರೆದೆ. ತಿಂಗಳ ಮೇಲೆ ಉತ್ತರ ಬಂತು: "ನೀವು ಹಾಡುತ್ತೀರಿ ಎಂಬುದನ್ನು ಇಲ್ಲಿ ಯಾರೂ ನಂಬುತ್ತಿಲ್ಲ, ನಾನೂ ನಂಬಿಲ್ಲ. ಕಾಗದ ಮಾತ್ರ ಮೂರು ಸಲ ಓದಿದೆ. ನನಗಿಲ್ಲಿ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದೆ. ಬರುವುದಿಲ್ಲ. ನೀವು ಬರೆಯುತ್ತಿರಿ."

ಮಾರನೆಯ ವರ್ಷ ಫಕೀರವ್ವನ ಮೇಳದಲ್ಲಿ ಗೀ ಎನ್ನುವವಳಿಗೆ ಜ್ವರ ಬಂದು, ಆಕೆ ನಿಂಗಪ್ಪನ ಹತ್ತಿರ ನನ್ನನ್ನು ಒಂದು ದಿನದ ಮಟ್ಟಿಗೆ ಎರವಲು ಕೇಳಿದಳು. ಅವನು ನಗುತ್ತ ಕಳಿಸಿಕೊಟ್ಟ. ಹೆಂಗಸರ ನಡುವೆ ನಿಂತು, ಹೆಣ್ಣೇ ಹೆಚ್ಚು ಎಂಬ ಪ್ರತಿ ಸಾಲಿಗೂ ಗಂಟಲು ಬಿಚ್ಚಿ ಗೀ ಎಂದೆ. ನನ್ನ ಧ್ವನಿ ಎಂದೂ ಇಷ್ಟು ಶ್ರುತಿಯಲ್ಲಿರಲಿಲ್ಲವೆಂದು ಎದುರು ಮೇಳದವರೂ ಒಪ್ಪಿದರು. ವಾದವೆಲ್ಲ ಮುಗಿದ ಮೇಲೆ ಒಪ್ಪಿಕೊಳ್ಳುವುದರಲ್ಲಿ ನನ್ನಷ್ಟು ಗಟ್ಟಿ ಕಂಠ ಆ ತಾಲ್ಲೂಕಿನಲ್ಲೇ ಇರಲಿಲ್ಲ. ಕೇಳಬೇಕಾದವಳು ಮಾತ್ರ ಮುನ್ನೂರು ಕಿಲೋಮೀಟರ್ ಆಚೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು.