ಶಿವಪ್ಪಕಾಕಾ ಕೇಳದ ಪ್ರಶ್ನೆ

ರೇಡಿಯೋ ಮಾತನಾಡುತ್ತದೆ, ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದು ನಾನು ನಂಬಿದ್ದೆ. ಆ ಧೈರ್ಯದ ಮೇಲೆ ಒಂದು ಸಣ್ಣ ಸುಳ್ಳು ಬರೆದೆ. ಅದರ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಸರಕಾರ ಹಳ್ಳಿಹಳ್ಳಿಗೆ ರೇಡಿಯೋ ಹಂಚುತ್ತಿದ್ದ ಕಾಲ. ಕನ್ನಡ-ಮರಾಠಿ ಗಡಿಯ ಗಡಹಿಂಗ್ಲಜದ ಹತ್ತಿರದ ನಮ್ಮೂರಿಗೂ ಒಂದು ಬಂತು. ವಾರಕ್ಕೆ ಎರಡು ಸಂಜೆ ರೈತರು ಚಾವಡಿಯಲ್ಲಿ ಕೂತು ಪುಣೆಯ ಒಕ್ಕಲುತನದ ಕಾರ್ಯಕ್ರಮ ಕೇಳಬೇಕು. ಶಾಲೆಯ ಮಾಸ್ತರನಾದ ನಾನು ಅವರ ಪ್ರಶ್ನೆಗಳನ್ನು ಮರಾಠಿಯಲ್ಲಿ ಬರೆದು ಪುಣೆಗೆ ಕಳಿಸಬೇಕು. ಕೇಳುವುದೇನೋ ಎಲ್ಲರೂ ಕೇಳಿದರು. ಆದರೆ ಎದ್ದ ಪ್ರಶ್ನೆ ಒಂದೇ: "ಅಲ್ಲೆ ಮಾತಾಡಾಂವಗ ಸ್ವಂತ ಹೊಲ ಎಷ್ಟ ಐತ್ರಿ?" ಅದನ್ನು ಪುಣೆಗೆ ಕಳಿಸುವಂತಿರಲಿಲ್ಲ.

ಖಾಲಿ ಹಾಳೆ ಕಳಿಸಲು ನಾಚಿಕೆಯಾಗಿ, "ನಮ್ಮ ಬೆಲ್ಲ ಕಪ್ಪಾಗುತ್ತದೆ, ಏನು ಮಾಡಬೇಕು?" ಎಂದು ನಾನೇ ಬರೆದೆ. ಕೆಳಗೆ ಗೌರವದ ಹೆಸರೊಂದು ಇರಲಿ ಎಂದು ಶಿವಪ್ಪಕಾಕಾರ ಹೆಸರು ಹಾಕಿದೆ. ಸುತ್ತಲಿನ ಊರಿನವರೆಲ್ಲ ಬೆಲ್ಲ ಕುದಿಸಲು ತಮ್ಮ ಕಬ್ಬಿನ ಗಾಣಕ್ಕೆ ಕರೆಯುತ್ತಿದ್ದದ್ದು ಅವರನ್ನೇ.

ಮುಂದಿನ ವಾರ ರೇಡಿಯೋ ನಮ್ಮೂರಿನ ಹೆಸರು ಹೇಳಿತು, ಕಾಕಾರ ಹೆಸರು ಹೇಳಿತು, ಅವರ ಬೆಲ್ಲ ಕಪ್ಪಾಗುತ್ತದೆಂದೂ ಹೇಳಿತು. ಬೆಂಡೆಗಿಡದ ಲೋಳೆ ಹಾಕಿ ರಸವನ್ನು ತಿಳಿ ಮಾಡಬೇಕೆಂದು ಸಮಾಧಾನದಿಂದ ತಿಳಿಸಿತು. ಮೂವತ್ತು ವರ್ಷದಿಂದ ಅದನ್ನೇ ಹಾಕುತ್ತಿದ್ದ ಕಾಕಾ ಎದ್ದು ಹೋದರು. ಪಕ್ಕದ ಉತ್ತೂರಿನಲ್ಲಿಯೂ ರೇಡಿಯೋ ಇತ್ತು. ಮರುದಿನವೇ ಅಲ್ಲಿಯವರು ಬೆಲ್ಲ ಕುದಿಸಲು ಬೇರೆಯವರನ್ನು ಕರೆದರು.

ಇನ್ನು ಸುಮ್ಮನಿರುವಂತಿರಲಿಲ್ಲ. ಕಾಕಾರನ್ನೂ ಉತ್ತೂರಿನ ಗಾಣದ ಮಾಲಕರನ್ನೂ ಸಭೆಗೆ ಕರೆಸಿ, ಎಲ್ಲರೆದುರು ತಪ್ಪು ಒಪ್ಪಿಕೊಂಡೆ.

"ರೇಡಿಯೋ ಸುಳ್ಳ ಹೇಳಂಗಿಲ್ಲ ಅಂತ ತಿಳದಿದ್ವಿ ನೋಡ್ರಿ," ಎಂದರು ಮಾಲಕರು.

"ಅದು ಹೇಳಿಲ್ರೀಪಾ, ಮಾಸ್ತರ್ರು ಹೇಳಿಸ್ಯಾರ," ಎಂದರು ಕಾಕಾ.

"ಅರ್ಧಾ ಕಬ್ಬ ಇನ್ನೂ ಉಳದೈತಿ. ನಾಳೆ ಬರ್ರಿ ಕಾಕಾ."

ಕಾಕಾ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಮಾಸ್ತರ್ರ, ಈಗ ನಂದೊಂದ ಖರೇ ಪ್ರಶ್ನೆ ಐತಿ, ಬರಕೋರಿ. ಯಾರೂ ಕೇಳದ್ದನ್ನ ಬರಿಯೋ ಮಾಸ್ತರಗ ಏನ ಔಷಧ?"

"ಹೆಸರು?" ಎಂದೆ, ಅಭ್ಯಾಸಬಲದಿಂದ.

"ನಂದ ಹಾಕ್ರಿ. ಮಾಸ್ತರ್ ಅಂದಲ್ಲಿ ನಿಮ್ದೂ ಹಾಕ್ರಿ, ಯಾವ ಮಾಸ್ತರ ಅಂತ ಪುಣೆದವ್ರಿಗೆ ಘೋಟಾಳಾ ಆಗಬಾರದು."

ಒಂದಕ್ಷರ ಬಿಡದೆ ಬರೆದು ಅಂಚೆಗೆ ಹಾಕಿದೆ. ಅಂದಿನಿಂದ ಪುಣೆಯ ಉತ್ತರ ಕೇಳಲೆಂದು ಸಭೆಗೆ ಚಾವಡಿ ಸಾಲದಷ್ಟು ಜನ. ನಾನು ಮಾತ್ರ ರೇಡಿಯೋದ ಪಕ್ಕದಲ್ಲೇ, ಬಂದ್ ಮಾಡುವ ಗುಂಡಿಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರು ಅದನ್ನು ಕಂಡು, ಸರಕಾರದ ಸ್ವತ್ತನ್ನು ಇಷ್ಟು ಜೋಪಾನ ಮಾಡುವ ಮಾಸ್ತರ ತಾಲೂಕಿನಲ್ಲೇ ಇಲ್ಲವೆಂದು ಬರೆದು ಹೋದರು.